ಬೂದಿಗುಡ್ಡೆಯ ಗುಟ್ಟರಿತ ಬ್ರೂಸ್ ಫೂಟ್

ಚೌರಂಗಿಯ ಜಾದೂಘರವನ್ನು ಕಾಣದ ಕನ್ನಡಿಗನು ಕಲ್ಕತ್ತೆಯಲ್ಲಿ ಇರಲಾರನು. ಊರಿನಿಂದ ನೆಂಟರು ಬಂದರೆಂದರೆ ಮೊದಲ ದಿನ ಕಾಳೀಘಾಟು ಮತ್ತು ದಕ್ಷಿಣೇಶ್ವರ, ಮರುದಿನ ಜಾದೂಘರ ಎಂಬುದು ನಮ್ಮವರಲ್ಲಿ ನಿಂತುಹೋದ ಪದ್ಧತಿ. ಆದರೆ ಆ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಹಳೆಯ ಕಚೇರಿ ಇರುವುದನ್ನು ಹೆಚ್ಚಿನವರು ಗಮನಿಸಿರಲಾರರು. 1851ರಲ್ಲಿ ಸ್ಥಾಪನೆಯಾದ ಈ ಇಲಾಖೆಯ ಸಂಬಳದ ಮೇಲೆ ಮೂರು ದಶಕಗಳಿಗೂ ಮೀರಿ ದಕ್ಷಿಣದ ಬೆಟ್ಟಬಯಲುಗಳನ್ನು ಸುತ್ತಿ, ಬಳ್ಳಾರಿ, ಬೆಳಗಾವಿ, ವಿಜಾಪುರ, ಧಾರವಾಡ ಸೀಮೆಗಳ ಕಲ್ಲುಗಳನ್ನು ಪುಸ್ತಕದಂತೆ ಓದಿದ ಆಂಗ್ಲರೊಬ್ಬರಿದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಆ ಮಹನೀಯರು ಕೊನೆಯುಸಿರೆಳೆದುದೂ, 2001ರಿಂದ ಕೋಲ್ಕತ್ತವೆಂದು ಕರೆಯಿಸಿಕೊಳ್ಳುವ ಇದೇ ನಗರದಲ್ಲಿ, 1912ನೆಯ ಡಿಸೆಂಬರ್ 29ರಂದು.

ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಇವರನ್ನು ಕರೆಯುತ್ತಾರೆ. ನಮಗೆ, ಅಂದರೆ ಹೊಟ್ಟೆಪಾಡಿಗಾಗಿ ಸಾವಿರ ಮೈಲಿ ದೂರ ಬಂದು ನೆಲಸಿದ ಕನ್ನಡಿಗರಿಗೆ, ಇವರೊಡನೆ ಬೇರೆಯೂ ಒಂದು ಲೆಕ್ಕವುಂಟು. ರಜೆಯಲ್ಲಿ ಊರಿಗೆ ಹೋದಾಗ ನಾವು ಹಂಪಿಗೆ ಹೋಗುತ್ತೇವೆ. ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥವನ್ನು ನೋಡಿ, ಕೃಷ್ಣದೇವರಾಯನನ್ನು ಸ್ಮರಿಸಿ ಹಿಂದಿರುಗುತ್ತೇವೆ. ಹಂಪಿಯ ಅರಸರು ಹುಟ್ಟುವುದಕ್ಕೆ ಮೂರು ಸಾವಿರ ವರ್ಷಗಳ ಮೊದಲೇ ಅದೇ ನೆಲದಲ್ಲಿ ದನ ಕಾಯ್ದು, ಕೊಡಲಿ ಮಸೆದು, ಬಂಡೆಯ ಮೇಲೆ ಗೂಳಿಯ ಚಿತ್ರ ಕೊರೆದು ಬಾಳಿದ ಜನರ ಮನೆಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆ ಮನೆಗಳ ಬಾಗಿಲನ್ನು ತೆರೆದು ತೋರಿಸಿದವರು ಫೂಟ್ ಸಾಹೇಬರು.

ಇವರು ಜನಿಸಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ, 1834ನೆಯ ಸೆಪ್ಟೆಂಬರ್ 22ರಂದು. ಇಪ್ಪತ್ತನಾಲ್ಕು ತುಂಬಿದ ಮೇಲೆ, 1858ರ ಡಿಸೆಂಬರಿನಲ್ಲಿ ಸರ್ವೇಕ್ಷಣ ಇಲಾಖೆಗೆ ಸೇರಿದರು. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ಥಾಮಸ್ ಓಲ್ಡ್‌ಹ್ಯಾಮ್. ಇಲಾಖೆಯನ್ನು ಕಟ್ಟಿದ ಉದ್ದೇಶವೇನೂ ಧರ್ಮಾರ್ಥವಾದುದಲ್ಲ. ರೈಲಿಗೂ ಹಡಗಿಗೂ ಬೇಕಾದ ಕಲ್ಲಿದ್ದಲು ಎಲ್ಲಿದೆ, ಕಬ್ಬಿಣವೆಲ್ಲಿ, ಬಂಗಾರವೆಲ್ಲಿ ಎಂಬುದನ್ನು ಆಳುವವರಿಗೆ ತಿಳಿಸುವುದೇ ಅದರ ಕೆಲಸ. ಹೊಸಬರಾದ ಫೂಟರನ್ನು ಮದರಾಸು ಆಧಿಪತ್ಯಕ್ಕೆ ಕಳುಹಿಸಲಾಯಿತು. ಬೇಸಗೆ ಕಾಯುವ ಮುನ್ನ ಡೇರೆ ಹೊಡೆದುಕೊಂಡು ಹಳ್ಳಿಯಿಂದ ಹಳ್ಳಿಗೆ ಅಲೆಯುವುದು, ಹಳ್ಳ ಕೊರೆದ ದಡಗಳನ್ನೂ ಬಾವಿ ತೋಡಿದ ಮಣ್ಣನ್ನೂ ಪರೀಕ್ಷಿಸುವುದು, ಮಳೆ ಹಿಡಿದ ಮೇಲೆ ಕುಳಿತು ನಕ್ಷೆ ತುಂಬಿ ವರದಿ ಬರೆಯುವುದು: ಇದು ವರ್ಷದ ದಿನಚರಿ. ವರದಿಗಳೆಲ್ಲ ಅಚ್ಚಾಗಿ ಹೊರಬರುತ್ತಿದ್ದುದು ಕಲ್ಕತ್ತೆಯಿಂದ.

1863ನೆಯ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂ ದಂಡಿನ ನೆಲೆಯಲ್ಲಿ, ಗರಸು ತೆಗೆಯಲು ತೋಡಿದ ಗುಂಡಿಯೊಂದರ ಬಳಿ ಇವರ ಕಣ್ಣಿಗೆ ಒಂದು ಕಲ್ಲು ಬಿದ್ದಿತು. ಬೆಣಚುಶಿಲೆಯ ತುಂಡು, ಒಂದು ಕಡೆ ಮೊನೆ, ಎರಡೂ ಮಗ್ಗುಲಲ್ಲಿ ಚಕ್ಕೆ ಹಾರಿಸಿದ ಗುರುತು. ಸಾವಿರಾರು ಜನ ತುಳಿದು ಹೋದ ದಾರಿಯದು. ಪ್ರಕೃತಿಯ ಪೆಟ್ಟಿಗೆ ಒಡೆದ ಕಲ್ಲಿಗೂ ಮನುಷ್ಯನ ಕೈ ಉದ್ದೇಶಪೂರ್ವಕವಾಗಿ ಒಡೆದ ಕಲ್ಲಿಗೂ ಇರುವ ಭೇದವನ್ನು ಅರಿತಿದ್ದ ಕಣ್ಣು ಮಾತ್ರ ಅಲ್ಲಿ ನಿಂತಿತು. ಅದು ಹಳೆಯ ಶಿಲಾಯುಗದ ಆಯುಧ. ಭಾರತದಲ್ಲಿ ಹಾಗೆಂದು ಗುರುತಿಸಲ್ಪಟ್ಟ ಮೊದಲನೆಯದು.

ಇದರ ಮಹತ್ವವನ್ನು ತಿಳಿಯಬೇಕಾದರೆ ಕಾಲವನ್ನು ನೆನೆಯಬೇಕು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ನಶಿಸಿಹೋದ ಪ್ರಾಣಿಗಳ ಎಲುಬಿನೊಡನೆ ಕಲ್ಲಿನ ಆಯುಧಗಳು ಸಿಕ್ಕುದನ್ನು ಇಂಗ್ಲೆಂಡಿನ ಪಂಡಿತರು ಒಪ್ಪಿಕೊಂಡು ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ಅಲ್ಲಿಯೇ ಹೊಸದಾದ ಈ ಶೋಧವನ್ನು ಇಲ್ಲಿಯ ಕೆಂಪು ನೆಲದಲ್ಲಿ ಹುಡುಕಬೇಕೆಂದು ಯಾರಿಗೂ ತೋರಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫೂಟರು ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಕೊರ್ತಲೈಯಾರು ನದಿಯ ಸೀಮೆಯ ಅತ್ತಿರಂಪಾಕ್ಕಂನಲ್ಲಿ ಇಂಥವೇ ಆಯುಧಗಳ ರಾಶಿಯನ್ನು ಕಂಡರು. ಆ ಸ್ಥಳದ ಅತಿ ಹಳೆಯ ಪದರಕ್ಕೆ ಸುಮಾರು ಹದಿನೈದು ಲಕ್ಷ ವರ್ಷಗಳ ವಯಸ್ಸೆಂದು 2011ರಲ್ಲಿ ವಿಜ್ಞಾನಿಗಳು ನಿರ್ಣಯಿಸಿದರು. ಫೂಟರ ಕಾಲದಲ್ಲಿ ಅಂಥ ಸಂಖ್ಯೆಯನ್ನು ಬಾಯಲ್ಲಿ ಆಡಿದವನಿಗೆ ಹುಚ್ಚನೆಂಬ ಬಿರುದು ಬರುತ್ತಿತ್ತು.

ಗುಮಾಸ್ತಗಿರಿಯಲ್ಲಿರುವ ನಮ್ಮ ವಾಚಕರು ಒಂದಂಶವನ್ನು ಗಮನಿಸಬೇಕು. ಕಲ್ಲಿನ ಆಯುಧಗಳನ್ನು ಆಯುವುದು ಇವರ ಹುದ್ದೆಯ ಕೆಲಸವಾಗಿರಲಿಲ್ಲ. ಸರ್ಕಾರ ಕೇಳಿದ್ದು ಖನಿಜದ ಲೆಕ್ಕ. ಇವರು ಅದನ್ನು ಕೊರತೆಯಿಲ್ಲದೆ ಒಪ್ಪಿಸಿದರು. ಉಳಿದುದು ದಾರಿ ನಡೆಯುವಾಗ, ಸಂಜೆ ಡೇರೆಯ ಸುತ್ತ ತಿರುಗುವಾಗ, ತಮ್ಮದೇ ಆಸಕ್ತಿಯಿಂದ ಕೂಡಿಸಿದ್ದು. ಹೀಗೆ ಸುಮಾರು ನಲವತ್ತು ವರ್ಷಗಳಲ್ಲಿ ಇವರು ಗುರುತಿಸಿದ ಪ್ರಾಚೀನ ನೆಲೆಗಳ ಸಂಖ್ಯೆ 450ನ್ನು ಮೀರುತ್ತದೆ.

ಕನ್ನಡ ನಾಡಿನೊಡನೆ ಇವರ ಗೆಳೆತನ ಬೆಳೆದುದು ಆಗಿನ ಮುಂಬಯಿ ಆಧಿಪತ್ಯದ ದಕ್ಷಿಣ ಜಿಲ್ಲೆಗಳಲ್ಲಿ. ದಕ್ಷಿಣ ಮರಾಠಾ ಸೀಮೆಯೆಂದು ಇಂಗ್ಲಿಷರು ಕರೆದ ಆ ಪ್ರದೇಶ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆಗಳೇ. ಅದರ ಭೂರಚನೆಯನ್ನು ಕುರಿತ ಇವರ ದೊಡ್ಡ ಗ್ರಂಥ 1876ರಲ್ಲಿ ಹೊರಬಂದಿತು. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಕೆಂಪು ಮರಳುಗಲ್ಲಿನ ಶ್ರೇಣಿಗೆ ಕಲಾದಗಿ ಎಂಬ ಹೆಸರು ಸಂದುದು ಇವರಿಂದ. ಚಾಲುಕ್ಯರ ಶಿಲ್ಪಿಗಳು ಉಳಿಯಿಟ್ಟ ಕಲ್ಲಿನ ವಂಶಾವಳಿಯನ್ನು ಇವರು ಬರೆದರೆಂದರೂ ಸಲ್ಲುವುದು. ಮಲಪ್ರಭೆಯ ದಡದ ಗರಸಿನಲ್ಲಿ ಚಾಲುಕ್ಯರಿಗಿಂತ ಎಷ್ಟೋ ಹಿಂದಿನವರ ಕೈಗೊಡಲಿಗಳನ್ನೂ ಕಂಡರು. ಗೋಕಾಕದ ಹತ್ತಿರ ಚಿಕ್ಕದೌಳಿಯಲ್ಲಿ ಹಳ್ಳದ ಮಣ್ಣಿನಿಂದ ಖಡ್ಗಮೃಗವೊಂದರ ಶಿಲೀಭೂತವಾದ ಎಲುಬುಗಳು ಹೊರಬಂದುವು. ದಖ್ಖನಿನ ಹೆಸರನ್ನೇ ಆ ಮೃಗಜಾತಿಗೆ ಇಟ್ಟು, ಅದರ ವರ್ಣನೆಯನ್ನು ಇವರು 1874ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಖಡ್ಗಮೃಗವನ್ನು ನೋಡಬೇಕಾದರೆ ಇಂದು ನಾವು ಕಾಜೀರಂಗಕ್ಕೋ ಜಲದಾಪಾರಕ್ಕೋ ಹೋಗಬೇಕು. ಒಂದು ಕಾಲಕ್ಕೆ ಘಟಪ್ರಭೆಯ ಸೀಮೆಯಲ್ಲೇ ಅದು ಮೇಯುತ್ತಿತ್ತು.

ಆದರೆ ಇವರ ಬಾಳಿನ ನಿಜವಾದ ಫಲ ಬಳ್ಳಾರಿಯದು. ಬಳ್ಳಾರಿ ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೆ ಅದು ಸೇರಿದುದು 1953ರಲ್ಲಿ. ಹಂಪಿಯನ್ನೊಳಗೊಂಡ ಪಶ್ಚಿಮ ಭಾಗ 2021ರಲ್ಲಿ ವಿಜಯನಗರ ಎಂಬ ಬೇರೆ ಜಿಲ್ಲೆಯಾಯಿತು.

ಹಂಪಿಯ ವಿಟ್ಠಲ ದೇವಾಲಯದಿಂದ ಪೂರ್ವಕ್ಕೆ ಸ್ವಲ್ಪವೇ ದೂರದಲ್ಲಿ ನಿಂಬಾಪುರವೆಂಬ ಹಳ್ಳಿಯಿದೆ. ಅದರ ಪಕ್ಕದಲ್ಲೊಂದು ಬೂದಿಯ ದಿಬ್ಬ. ಶ್ರೀರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ದಹಿಸಿದ ಸ್ಥಳವೆಂದು ಜನ ಅದನ್ನು ನಂಬಿಕೊಂಡು ಬಂದಿದ್ದಾರೆ. ಕಿಷ್ಕಿಂಧೆಯ ನೆಲದಲ್ಲಿ ಅಂಥ ನಂಬಿಕೆ ಸಹಜವೇ. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನಲ್ಲಿಯೂ ಇಂಥದೇ ದಿಬ್ಬವಿದೆ. ಅದು ರಾಕ್ಷಸನೊಬ್ಬನ ಚಿತೆಯೆಂದು ಅಲ್ಲಿಯವರ ಕಥೆ. ಈ ದಿಬ್ಬಗಳಲ್ಲಿ ಬರಿಯ ಬೂದಿಯಲ್ಲದೆ ಗಾಜಿನಂತೆ ಕರಗಿ ಗಟ್ಟಿಯಾದ, ತೂತುತೂತಾದ ಕಿಟ್ಟವೂ ಇದೆ. ಅದು ಎಲ್ಲಿಂದ ಬಂದಿತು? ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1836ರಲ್ಲಿ ಇದನ್ನು ಜ್ವಾಲಾಮುಖಿಯ ಕಿಟ್ಟವೆಂಬ ಶಂಕೆಯಿಂದ ವರ್ಣಿಸಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಬರೆದರು. ವಿಜಯನಗರದ ಇತಿಹಾಸವನ್ನು ಬರೆದು ಪ್ರಖ್ಯಾತರಾದ ರಾಬರ್ಟ್ ಸಿವೆಲ್ ಅವರಂಥ ವಿದ್ವಾಂಸರು ಅದನ್ನು ಮಧ್ಯಯುಗದ ಸಾಮೂಹಿಕ ದಹನಗಳೊಡನೆ ಸೇರಿಸಿ ನೋಡಿದರು. ಹಂಪಿಯ ನೆರಳು ಅಷ್ಟು ದೊಡ್ಡದು. ಅದರ ಪಕ್ಕದಲ್ಲಿ ಬೂದಿ ಕಂಡರೂ ಅದು ಅರಸರ ಯುದ್ಧದ್ದೇ ಆಗಿರಬೇಕೆಂದು ಮನಸ್ಸು ಹೇಳುತ್ತದೆ.

ಫೂಟ್ ಸಾಹೇಬರು ಕಥೆಯನ್ನು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ದಿಬ್ಬದ ಒಳಗೂ ಸುತ್ತಲೂ ಏನಿದೆಯೆಂದು ನೋಡಿದರು. ನಯಮಾಡಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಮಡಕೆಯ ಬೋಕಿಗಳು, ದನಗಳ ಎಲುಬುಗಳು ಇದ್ದುವು. ಕಬ್ಬಿಣದ ಕುಲುಮೆಯ ಗುರುತಿರಲಿಲ್ಲ. ಇದು ನವಶಿಲಾಯುಗದ ದನಗಾಹಿಗಳ ನೆಲೆ, ಬೂದಿ ಸುಟ್ಟ ಸಗಣಿಯದು ಎಂಬ ತೀರ್ಮಾನಕ್ಕೆ ಬಂದರು. ಮುಳ್ಳುಬೇಲಿಯ ದೊಡ್ಡಿಯಲ್ಲಿ ದನಗಳನ್ನು ಕೂಡಿಹಾಕುವ ಆಫ್ರಿಕದ ಪದ್ಧತಿಯೊಡನೆ ಅದನ್ನು ಹೋಲಿಸಿದರು. ಘುಂಟೆ ತಟ್ಟಿದ ಗೋಡೆಗಳನ್ನೂ ಇದ್ದಲ ಒಲೆಗಳನ್ನೂ ಬಲ್ಲ ನಮ್ಮ ಹೋಟೆಲಿನ ಬಾಂಧವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ದಿನವಿಡೀ ಉರಿದ ಒಲೆಯ ಬೂದಿ ಕೆದಕಿದಾಗ ತಳದಲ್ಲಿ ಕರಗಿ ಅಂಟಿಕೊಂಡ ಕಿಟ್ಟ ಸಿಕ್ಕುವುದಿಲ್ಲವೆ? ಹುಲ್ಲಿನಲ್ಲಿ ಸಿಲಿಕವೆಂಬ, ಮರಳಿನದೇ ಜಾತಿಯ ಪದಾರ್ಥವಿರುತ್ತದೆ. ಹುಲ್ಲು ಮೇದ ದನದ ಸಗಣಿಯಲ್ಲಿಯೂ ಅದು ಉಳಿಯುತ್ತದೆ. ವರ್ಷಗಟ್ಟಲೆ ಒಟ್ಟಿದ ಸಗಣಿಗೆ ಬೆಂಕಿಯಿಟ್ಟಾಗ ಒಳಗಿನ ಕಾವಿಗೆ ಅದು ಕರಗಿ ಗಾಜಿನಂತಾಗುತ್ತದೆ. ಮತ್ತೆ ದನ, ಮತ್ತೆ ಸಗಣಿ, ಮತ್ತೆ ಬೆಂಕಿ: ಹೀಗೆ ಪದರದ ಮೇಲೆ ಪದರ ಕೂಡಿ ದಿಬ್ಬವಾಯಿತು.

ಪಂಡಿತರು ಕೂಡಲೆ ಒಪ್ಪಲಿಲ್ಲ. ವಾದ ಮುಗಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಕೃಷ್ಣೆಯ ಆಚೆಯ ಉಟ್ನೂರಿನಲ್ಲಿ ಇಂಥ ದಿಬ್ಬವೊಂದನ್ನು ಕ್ರಮವಾಗಿ ಅಗೆದಾಗ ದೊಡ್ಡಿಯ ಬೇಲಿಯ ಗೂಟಗಳನ್ನು ನೆಟ್ಟ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕಿದುವು. ಫೂಟರು ತೀರಿಹೋಗಿ ಆಗ ನಲವತ್ತೈದು ವರ್ಷ. ಸಗಣಿಯನ್ನು ಸುಟ್ಟುದೇಕೆ, ಶುಚಿಗಾಗಿಯೋ ಹಬ್ಬಕ್ಕಾಗಿಯೋ ಎಂಬುದರ ಚರ್ಚೆ ಮಾತ್ರ ಇನ್ನೂ ನಡೆದೇ ಇದೆ. ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವುದನ್ನು ಊರಿನಲ್ಲಿ ನೋಡಿದ ನಮಗೆ ಹಬ್ಬವೆಂಬ ಪಕ್ಷವೇ ಹೆಚ್ಚು ಹಿಡಿಸುತ್ತದೆ. ಆಲ್ಚಿನ್ನರ ಒಲವೂ ಆ ಕಡೆಯೇ ಇತ್ತು.

ಕುಪ್ಪಗಲ್ಲು ಮತ್ತು ಅದರ ನೆರೆಯ ಸಂಗನಕಲ್ಲಿನ ಗುಡ್ಡಗಳು ಬಳ್ಳಾರಿಯಿಂದ ಏಳೆಂಟು ಕಿಲೋಮೀಟರು ದೂರದವು. ಅಲ್ಲಿ ಡಾಲೆರೈಟ್ ಎಂಬ ಕರಿಯ ಶಿಲೆಯ ಪಟ್ಟಿಯೊಂದು ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನ ಈ ಶಿಲೆಯನ್ನೊಡೆದು, ಕೆತ್ತಿ, ತಿಕ್ಕಿ ಕೊಡಲಿಗಳನ್ನು ಮಾಡುತ್ತಿದ್ದರು. ಒಡೆದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಮಸೆದು ಮಸೆದು ಬಂಡೆಯಲ್ಲಿ ಬಿದ್ದ ತೋಡುಗಳು ಎಲ್ಲವೂ ಹಾಗೆಯೇ ಉಳಿದಿದ್ದುವು. ಮನೆಗೆ ಬೇಕಾದ ಒಂದೆರಡಲ್ಲ, ನೂರಾರು ಕೊಡಲಿಗಳನ್ನು ತಯಾರಿಸಿದ ದೊಡ್ಡ ಕಾರ್ಖಾನೆ ಇದೆಂದು ಫೂಟರು ಕಂಡುಕೊಂಡರು. 1887ರಲ್ಲಿ ದಕ್ಷಿಣದ ಹೊಸ ಶೋಧಗಳ ಲೇಖನವನ್ನು ಅವರು ಕೊಟ್ಟುದೂ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೇ. ಪಾರ್ಕ್ ಸ್ಟ್ರೀಟಿನ ಆ ಕಟ್ಟಡದ ಮುಂದೆ ಹೋಗುವಾಗ ಬಳ್ಳಾರಿಯವರು ಒಂದು ಗಳಿಗೆ ನಿಲ್ಲಬಹುದು.

ಕುಪ್ಪಗಲ್ಲಿನ ಕರಿಯ ಬಂಡೆಗಳ ಮೇಲೆ ಚಿತ್ರಗಳೂ ಇವೆ. ಬಣ್ಣದವಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಉದ್ದ ಕೊಂಬಿನ, ಹಿಣಿಲು ಎತ್ತಿದ ಗೂಳಿಗಳೇ ಹೆಚ್ಚು, ನಡುವೆ ಮನುಷ್ಯರು. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1892ರಲ್ಲಿ ಇವನ್ನು ಕುರಿತು ಬರೆದ ಮೇಲೆ ಹೊರಗಿನವರಿಗೆ ತಿಳಿಯಿತು. ಕೆಲವು ಬಂಡೆಗಳ ಮೇಲೆ ನಯವಾದ ಕುಳಿಗಳಿದ್ದು, ಅಲ್ಲಿ ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ನಾದ ಬರುತ್ತದೆ. ಆ ಜನ ಅವನ್ನು ವಾದ್ಯವಾಗಿ ಬಳಸಿರಬೇಕೆಂದು 2004ರಲ್ಲಿ ವಿದ್ವಾಂಸರು ಬರೆದರು. ವಿಟ್ಠಲ ದೇವಾಲಯದ ಸಂಗೀತ ಸ್ತಂಭಗಳ ಮುಂದೆ ಬೆರಗಾಗಿ ನಿಲ್ಲುವ ನಮಗೆ, ಅವಕ್ಕಿಂತ ಮೂರು ಸಾವಿರ ವರ್ಷ ಹಳೆಯ ಕಲ್ಲಿನ ನಾದ ಅದೇ ಸೀಮೆಯಲ್ಲಿದೆಯೆಂದು ಯಾರೂ ಹೇಳಲಿಲ್ಲ.

ಇದೇ ಸಮಯಕ್ಕೆ ಯೂರೋಪಿನ ಇನ್ನೊಂದು ಮೂಲೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಸ್ಪೇನ್ ದೇಶದ ಉತ್ತರದಲ್ಲಿ ಸಾಂತಿಯಾನಾ ದೆಲ್ ಮಾರ್ ಎಂಬ ಪುಟ್ಟ ಪಟ್ಟಣವಿದೆ. ಹನ್ನೆರಡನೆಯ ಶತಮಾನದ ಕಲ್ಲಿನ ಚರ್ಚು, ಹಾಸುಗಲ್ಲಿನ ಬೀದಿಗಳು. ಹಂಪಿಯಂತೆ ಅದೂ ಮಧ್ಯಯುಗದ ವೈಭವಕ್ಕೆ ಹೆಸರಾದುದು. ಅಲ್ಲಿಂದ ಎರಡು ಕಿಲೋಮೀಟರು ದೂರದಲ್ಲಿ ಆಲ್ತಮೀರಾ ಗುಹೆ. 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೋಲಾ ಎಂಬ ಜಮೀನುದಾರರು ನೆಲದಲ್ಲಿ ಕಲ್ಲಿನ ಆಯುಧ ಹುಡುಕುತ್ತಿದ್ದಾಗ, ಜೊತೆಗೆ ಬಂದಿದ್ದ ಎಂಟು ವರ್ಷದ ಮಗಳು ತಲೆಯೆತ್ತಿ ಗುಹೆಯ ಮೇಲ್ಛಾವಣಿಯಲ್ಲಿ ಕಾಡುಕೋಣಗಳ ವರ್ಣಚಿತ್ರಗಳನ್ನು ಕಂಡಳು. ತಂದೆ 1880ರಲ್ಲಿ ಅದನ್ನು ಪ್ರಕಟಿಸಿದರು. ಪಂಡಿತ ಲೋಕ ನಂಬಲಿಲ್ಲ. ಚಿತ್ರಗಳು ಇತ್ತೀಚಿನ ಕೃತ್ರಿಮವೆಂಬ ಅಪವಾದವೂ ಬಂದಿತು. 1888ರಲ್ಲಿ ಅವರು ಆ ಅಪವಾದವನ್ನು ಹೊತ್ತುಕೊಂಡೇ ತೀರಿಕೊಂಡರು. ವಿರೋಧಿಗಳಲ್ಲಿ ಮುಖ್ಯರಾದ ಫ್ರೆಂಚ್ ವಿದ್ವಾಂಸ ಕಾರ್ತಾಯಾಕ್ 1902ರಲ್ಲಿ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇಂದು ಪಟ್ಟಣಕ್ಕೆ ಬಂದವರು ಗುಹೆಯ ಕಡೆಗೂ ಹೋಗಿಯೇ ಹೋಗುತ್ತಾರೆ. ಜನರ ಉಸಿರಿಗೆ ಚಿತ್ರಗಳು ಕೆಡುತ್ತವೆಂದು ಅದರ ಪ್ರತಿಕೃತಿಯೊಂದನ್ನು ಪಕ್ಕದಲ್ಲಿ ಕಟ್ಟಿ 2001ರಲ್ಲಿ ತೆರೆದರು. ಅಪವಾದದ ಮಟ್ಟಿಗೆ ಫೂಟರು ಪುಣ್ಯವಂತರು. ಅವರನ್ನು ಯಾರೂ ಮೋಸಗಾರರೆನ್ನಲಿಲ್ಲ. ಆದರೆ ಅವರು ತೋರಿಸಿದ ಗುಡ್ಡಕ್ಕೆ ಆಲ್ತಮೀರಾದ ಭಾಗ್ಯವಿನ್ನೂ ಬಂದಿಲ್ಲ.

ಗುಹೆಗಳ ಹಂಬಲ ಫೂಟರಿಗೂ ಇತ್ತು. 1884ರಲ್ಲಿ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆಸಿದರು. ಸೇನೆಯಲ್ಲಿದ್ದ ಮಗ ಹೆನ್ರಿ ಆ ಕೆಲಸವನ್ನು ಮುಂದುವರಿಸಿದರು. ಎಲುಬುಗಳು ರಾಶಿರಾಶಿಯಾಗಿ ಸಿಕ್ಕಿದುವು, ಚಿತ್ರಗಳು ಸಿಕ್ಕಲಿಲ್ಲ.

ಇವರ ಇಲಾಖೆಯ ಕೆಲಸವೂ ಸಣ್ಣದಲ್ಲ. ದಕ್ಷಿಣದಲ್ಲಿ ಬಂಗಾರ ಹುದುಗಿರುವ ಪ್ರಾಚೀನ ಶಿಲಾಶ್ರೇಣಿಯನ್ನು ಬೇರೆಯಾಗಿ ಗುರುತಿಸಿ, 1880ರ ದಶಕದಲ್ಲಿ ಅದಕ್ಕೆ ಧಾರವಾಡದ ಹೆಸರನ್ನಿಟ್ಟರು. ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯೂ ಇಂದು ಧಾರವಾಡವೆಂಬ ಹೆಸರನ್ನು ಬಲ್ಲನು. ಪೇಡೆಯ ರುಚಿ ಅವನಿಗೆ ಗೊತ್ತಿರಲಿಕ್ಕಿಲ್ಲ. ಕೋಲಾರದ ಚಿನ್ನವೂ ಸೊಂಡೂರಿನ ಕಬ್ಬಿಣವೂ ಈ ಶ್ರೇಣಿಯವೇ. ಇಲಾಖೆಯಿಂದ 1891ರಲ್ಲಿ ನಿವೃತ್ತರಾಗಿ ಬರೋಡ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸರ್ಕಾರ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಬಳ್ಳಾರಿ ಜಿಲ್ಲೆಯ ಭೂರಚನೆಯ ಗ್ರಂಥ 1895ರಲ್ಲಿ ಬಂದಿತು.

ಇವರ ಎಣಿಕೆಗಳೆಲ್ಲ ನಿಂತುವೆಂದಲ್ಲ. ಹಳೆಯ ಶಿಲಾಯುಗದವರು ಅಳಿದ ಮೇಲೆ ದೇಶ ಬಹುಕಾಲ ಬರಿದಾಗಿದ್ದು, ನವಶಿಲಾಯುಗದವರು ಬೇರೆಯಾಗಿ ಬಂದು ನೆಲಸಿದರೆಂದು ಇವರು ನಂಬಿದ್ದರು. ನಡುವಿನ ಕಾಲದವರ ಕಿರುಶಿಲೆಯ ಆಯುಧಗಳು ಮುಂದೆ ಹೇರಳವಾಗಿ ದೊರೆತು ಆ ನಂಬಿಕೆ ಬಿದ್ದುಹೋಯಿತು. ಇವರ ಡೇರೆಯನ್ನು ಹೊತ್ತವರು, ಹಳ್ಳಗಳ ದಾರಿ ತೋರಿಸಿದ ನಮ್ಮ ಹಳ್ಳಿಗರು ಯಾರೆಂಬುದೂ ಚರಿತ್ರೆಯಲ್ಲಿ ಉಳಿಯಲಿಲ್ಲ. ಆ ಕಾಲದ ರೀತಿಯೇ ಅದು. ಆದರೂ ಅದನ್ನು ಹೇಳದೆ ಬಿಡುವುದು ನಮಗೆ ಸರಿಯೆನಿಸದು.

ನಿವೃತ್ತಿಯ ಬಾಳಿಗೆ ಇವರು ಆರಿಸಿಕೊಂಡುದು ಸೇಲಂ ಮೇಲಣ ಏರ್ಕಾಡು ಬೆಟ್ಟವನ್ನು. ಊರಿಗೆ ಹಿಂದಿರುಗುವ ಬದಲು ಕೆಲಸ ಮಾಡಿದ ನೆಲದಲ್ಲೇ ಮನೆ ಮಾಡಿದರು. ಸಾವಿರಾರು ಕಲ್ಲುಗಳ, ಬೋಕಿಗಳ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 40,000 ರೂಪಾಯಿಗೆ ಕೊಂಡುಕೊಂಡಿತು. ವಿಲಾಯತಿಗೆ ಸಾಗಿಸಿ ಮಾರದೆ ಅವನ್ನು ಈ ದೇಶದಲ್ಲೇ ಉಳಿಸಿದ್ದಕ್ಕಾಗಿ ಅವರಿಗೆ ನಾವು ಋಣಿಗಳು. ಪ್ರತಿಯೊಂದು ವಸ್ತು ಎಲ್ಲಿ ಸಿಕ್ಕಿತೆಂಬುದನ್ನು ದಾಖಲಿಸುವ ಪಟ್ಟಿಯನ್ನು ಮುಪ್ಪಿನಲ್ಲಿ ಕುಳಿತು ಸಿದ್ಧಪಡಿಸಿದರು. ಅಚ್ಚಾದುದನ್ನು ನೋಡುವ ಭಾಗ್ಯ ಬರಲಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಪಟ್ಟಿ 1914ರಲ್ಲಿಯೂ ಅದರ ವಿವರಣೆಯ ಸಂಪುಟ 1916ರಲ್ಲಿಯೂ ಹೊರಬಂದುವು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಸಂಗನಕಲ್ಲನ್ನು ಬಿ. ಸುಬ್ಬರಾವ್ ಅವರು ಅಗೆದು 1948ರಲ್ಲಿ ಬಳ್ಳಾರಿಯ ಶಿಲಾಯುಗದ ಮೇಲೆ ಗ್ರಂಥ ಬರೆದರು. ಆಮೇಲೆ ಎಷ್ಟೋ ಮಂದಿ ದೇಶವಿದೇಶಗಳಿಂದ ಬಂದರು. ವಿದ್ವಾಂಸರ ಜೊತೆಗೆ ಕಲ್ಲು ಒಡೆಯುವವರೂ ಬಂದರು. ಜಲ್ಲಿಗಾಗಿ, ಕಟ್ಟಡದ ಕಲ್ಲಿಗಾಗಿ ಗುಡ್ಡವನ್ನು ಸಿಡಿಸುವ ಕೆಲಸದಿಂದ ಕುಪ್ಪಗಲ್ಲಿನ ಚಿತ್ರಬಂಡೆಗಳಿಗೂ ನಾದದ ಕಲ್ಲುಗಳಿಗೂ ಅಪಾಯವೊದಗಿದೆಯೆಂದು 2004ರ ಅದೇ ವಿದ್ವಾಂಸರು ಎಚ್ಚರಿಸಬೇಕಾಯಿತು. ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆತು ಅದರ ಒಂದೊಂದು ಕಂಬಕ್ಕೂ ಕಾವಲಿದೆ. ಅರವತ್ತು ಕಿಲೋಮೀಟರು ಆಚೆಗೆ, ಅರಸರಿಲ್ಲದ, ಶಾಸನವಿಲ್ಲದ ದನಗಾಹಿಗಳ ಗುಡ್ಡವನ್ನು ಕಾಯುವುದು ಮುಖ್ಯವಾಗಿ ಅದನ್ನು ಬಲ್ಲವರ ಕಣ್ಣೇ. ನೋಡುವವರು ಹೆಚ್ಚಿದಷ್ಟೂ ಒಡೆಯುವವರಿಗೆ ಧೈರ್ಯ ಕಡಿಮೆಯಾಗುತ್ತದೆ ಎಂಬುದರಿಂದಲೇ ಇಷ್ಟೆಲ್ಲ ಬರೆದೆವು.

ಕಲ್ಕತ್ತೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆಗಳ ಮೇಲೆಯೇ ಹೋಗುತ್ತದೆ. ಹುಬ್ಬಳ್ಳಿಯ ಕಡೆಗೆ ಹೋಗುವವರು ಬಳ್ಳಾರಿಯಲ್ಲಿ ಒಂದು ದಿನ ಇಳಿದರೆ ಸಾಕು. ಊರಿನಲ್ಲಿ ಫೂಟರ ಮತ್ತು ಸಂಗನಕಲ್ಲಿನ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯವಿದೆ. ಅದನ್ನು ಮೊದಲು ನೋಡಿದರೆ ಗುಡ್ಡದಲ್ಲಿ ಏನು ನೋಡಬೇಕೆಂಬುದು ತಿಳಿಯುತ್ತದೆ. ಗುಡ್ಡಕ್ಕೆ ಬೆಳಗಿನ ಹೊತ್ತೇ ಮೇಲು. ಬಳ್ಳಾರಿಯ ಬಿಸಿಲು ಹತ್ತು ಗಂಟೆಗೇ ಸುಡಲಾರಂಭಿಸುತ್ತದೆ. ಅಲ್ಲದೆ ಕುಟ್ಟಿ ಮೂಡಿಸಿದ ಗೂಳಿಗಳು ಓರೆಯಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ.